ಸಾಂಬಾ ಹಂಚಿಕೆ ಕೈಕೊಟ್ಟರೆ: ಲಿನಕ್ಸ್, ವಿಂಡೋಸ್, ಮ್ಯಾಕ್ ಕೂಡಿದ ಜಾಲದಲ್ಲಿ ದೋಷ ಹುಡುಕುವ ಬಗೆ

ನಿನ್ನೆ ಸಂಜೆವರೆಗೂ ತೆರೆಯುತ್ತಿದ್ದ ಫೋಲ್ಡರ್ ಇವತ್ತು ತೆರೆಯುತ್ತಿಲ್ಲ. ಸಾಂಬಾ (ಲಿನಕ್ಸ್ ಯಂತ್ರದ ಫೋಲ್ಡರ್, ಪ್ರಿಂಟರ್‌ಗಳನ್ನು ವಿಂಡೋಸ್, ಮ್ಯಾಕ್‌ಗಳಿಗೂ ಹಂಚುವ ತಂತ್ರಾಂಶ) ಸರ್ವರ್ ನೋಡಿಕೊಳ್ಳುವವರ ಬಳಿ ಬರುವ ದೂರು ಬಹುಪಾಲು ಇಷ್ಟೇ. ಆಗ ಕೈ ತಾನಾಗಿ ಮೂರು ಕಡೆ ಹೋಗುತ್ತದೆ: ಫೈರ್‌ವಾಲ್ ಆಫ್ ಮಾಡುವುದು, ಫೋಲ್ಡರಿಗೆ ಸಿಎಚ್‌ಮಾಡ್ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡುವುದು, ಕಡತ ಹಂಚುವ ಎಸ್‌ಎಂಬಿ ಪ್ರೋಟೋಕಾಲ್‌ನ ಹಳೆಯ ಆವೃತ್ತಿ ಎಸ್‌ಎಂಬಿ1 ಆನ್ ಮಾಡುವುದು. ಮೂರೂ ಒಮ್ಮೊಮ್ಮೆ ಫಲ ಕೊಡುತ್ತವೆ, ತೊಂದರೆ ಇರುವುದೇ ಅಲ್ಲಿ. ಕೆಟ್ಟಿದ್ದು ಏನು ಎಂದು ಗೊತ್ತಾಗುವುದಿಲ್ಲ, ಬಾಗಿಲು ಮಾತ್ರ ಹಾರುಹೊಡೆದುಕೊಂಡು ಉಳಿಯುತ್ತದೆ.

ವಿಂಡೋಸ್ ತೋರಿಸುವ ಸಂದೇಶವನ್ನು ಪೂರ್ತಿ ನಂಬಬೇಡಿ. ಒಂದೇ ಸಂದೇಶಕ್ಕೆ ನಾಲ್ಕು ಕಾರಣಗಳಿರಬಹುದು. ನಿಜ ಕಾರಣವನ್ನು ಸರ್ವರ್ ಹೇಳುತ್ತದೆ, ಕೇಳಬೇಕು ಅಷ್ಟೆ. ಕೇಳುವ ಕ್ರಮ ಇದು: ಜಾಲ, ಪ್ರೋಟೋಕಾಲ್, ಗುರುತು, ಅನುಮತಿ. ಒಂದು ಮೆಟ್ಟಿಲು ಸರಿಯಿದೆ ಎಂದು ಖಾತ್ರಿಯಾಗದೆ ಮುಂದಿನದಕ್ಕೆ ಹೋಗಬೇಡಿ.

ಇಲ್ಲಿನ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ. ಉದಾಹರಣೆಗೆ ಸರ್ವರ್‌ನ ವಿಳಾಸ 192.168.1.10, ಹಂಚಿದ ಫೋಲ್ಡರ್ ‘ಲೆಕ್ಕ’, ಬಳಕೆದಾರರು ‘ಲತಾ’ ಎಂದಿಟ್ಟುಕೊಳ್ಳೋಣ.

ಮೊದಲು ಜಾಲವನ್ನು ಎರಡು ಭಾಗ ಮಾಡಿ

ಸರ್ವರ್‌ನ ಮುಂದೆ ಕುಳಿತು, ಅಲ್ಲಿಂದಲೇ ಅದಕ್ಕೇ ಸಂಪರ್ಕಿಸಿ ನೋಡಿ:

ಎಸ್‌ಎಂಬಿಕ್ಲೈಂಟ್ //ಲೋಕಲ್‌ಹೋಸ್ಟ್/ಲೆಕ್ಕ -ಯು ಲತಾ

ಇಲ್ಲಿ ‘ಯು’ ದೊಡ್ಡಕ್ಷರ. ಪಾಸ್‌ವರ್ಡ್ ಕೊಟ್ಟ ಮೇಲೆ ಸಾಂಬಾದ ಪ್ರಾಂಪ್ಟ್ ಬಂದು, ‘ಎಲ್‌ಎಸ್’ ಎಂದರೆ ಫೈಲುಗಳ ಪಟ್ಟಿ ಕಂಡರೆ ಗುರುತು, ಅನುಮತಿ ಎರಡೂ ಬಹುಮಟ್ಟಿಗೆ ಸರಿಯಿವೆ. ದೋಷ ಜಾಲದ ಕಡೆ, ಸರ್ವರ್‌ನ ಫೈರ್‌ವಾಲ್‌ನಲ್ಲೋ ತಂತಿಯಲ್ಲೋ ವಿಂಡೋಸ್‌ನಲ್ಲೋ ಇದೆ. ಇಲ್ಲೇ ವಿಫಲವಾದರೆ ರೂಟರ್, ಕೇಬಲ್, ವೈಫೈ ಎಂದು ಓಡಾಡುವುದು ದಂಡ. ಅರ್ಧ ನಿಮಿಷದ ಈ ಪರೀಕ್ಷೆ ಅರ್ಧ ದಿನ ಉಳಿಸುತ್ತದೆ.

ಒಳಗೆ ತೆರೆದು ಹೊರಗಿಂದ ತೆರೆಯದಿದ್ದರೆ ವಿಂಡೋಸ್ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್ 192.168.1.10 -ಪೋರ್ಟ್ 445’ ಕೊಡಿ. 445 ಎಂಬುದು ಸಾಂಬಾ ಬಳಸುವ ಪೋರ್ಟ್. ಕೊನೆಯ ಸಾಲಿನಲ್ಲಿ ‘ಟ್ರೂ’ ಬರಬೇಕು. ಪಿಂಗ್ ಹೋಗುತ್ತಿದೆ ಎಂಬುದು ಪುರಾವೆಯಲ್ಲ. ಪಿಂಗ್ ಹೋಗಿ 445 ಮುಚ್ಚಿರುವುದು ಮಾಮೂಲು. ‘ಫಾಲ್ಸ್’ ಬಂದರೆ ಹೀಗೆ ನೋಡಿ:

ಸೇವೆ ಓಡುತ್ತಿದೆಯೇ? ಡೆಬಿಯನ್, ಉಬುಂಟುಗಳಲ್ಲಿ ಸೇವೆಯ ಹೆಸರು ‘ಎಸ್‌ಎಂಬಿಡಿ’. ಫೆಡೋರಾ, ರೆಡ್ ಹ್ಯಾಟ್ ಬಳಗದಲ್ಲಿ ಬರಿಯ ‘ಎಸ್‌ಎಂಬಿ’, ಅಲ್ಲಿ ಇನ್‌ಸ್ಟಾಲ್ ಆದ ಮಾತ್ರಕ್ಕೆ ಅದು ಶುರುವಾಗುವುದಿಲ್ಲ. ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಪಟ್ಟಿಯಲ್ಲಿ 445 ಇರಬೇಕು. ಅದು 127.0.0.1ರ ಮೇಲೆ ಮಾತ್ರ ಕೇಳುತ್ತಿದ್ದರೆ ಸಾಂಬಾದ ಸಂರಚನಾ ಕಡತ ಎಸ್‌ಎಂಬಿ.ಕಾನ್ಫ್‌ನ ‘ಇಂಟರ್ಫೇಸಸ್’ ಮತ್ತು ‘ಬೈಂಡ್ ಇಂಟರ್ಫೇಸಸ್ ಓನ್ಲಿ’ ಸಾಲುಗಳನ್ನು ನೋಡಿ. ನೆಟ್‌ವರ್ಕ್ ಕಾರ್ಡ್ ಬದಲಿಸಿದ ಮೇಲೆ ಅದರ ಹೆಸರು ಬದಲಾಗಿ ಹೀಗಾಗುತ್ತದೆ.

ಫೈರ್‌ವಾಲ್‌ಗೆ ಉಬುಂಟುವಿನಲ್ಲಿ ‘ಯುಎಫ್‌ಡಬ್ಲ್ಯೂ ಅಲೌ ಸಾಂಬಾ’ ಸಾಕು. ಫೆಡೋರಾದಲ್ಲಿ ‘ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ಆಡ್-ಸರ್ವಿಸ್=ಸಾಂಬಾ’ ಕೊಟ್ಟು, ಮರೆಯದೆ ‘--ರೀಲೋಡ್’ ಮಾಡಿ. ಪರ್ಮನೆಂಟ್ ಎಂದದ್ದು ರೀಲೋಡ್ ಆಗುವ ತನಕ ಜಾರಿಗೆ ಬರುವುದಿಲ್ಲ.

ನಮ್ಮ ಸಣ್ಣ ಕಚೇರಿಗಳಲ್ಲಿ ಪದೇ ಪದೇ ಕಾಣುವುದು ಇನ್ನೊಂದು: ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್‌ಗೆ ಅಂಗಡಿಯಿಂದ ತಂದ ವೈಫೈ ರೂಟರನ್ನು ‘ವ್ಯಾನ್’ ಪೋರ್ಟ್ ಮೂಲಕ ಜೋಡಿಸಿರುತ್ತಾರೆ. ವೈಫೈ ರೂಟರ್‌ನ ಹಿಂದಿರುವ ಸರ್ವರ್ 192.168.1 ಸಾಲಿನಲ್ಲಿ, ಮೋಡೆಮ್‌ಗೆ ನೇರ ಸೇರಿದ ಕಂಪ್ಯೂಟರ್ 192.168.0 ಸಾಲಿನಲ್ಲಿ. ಇಂಟರ್ನೆಟ್ ಎರಡೂ ಕಡೆ ಸಲೀಸಾಗಿ ಬರುವುದರಿಂದ ಯಾರಿಗೂ ಅನುಮಾನ ಬಾರದು. ವೈಫೈ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಮುಗಿಯಿತು. ‘ಗೆಸ್ಟ್’ ವೈಫೈಗೆ ಸೇರಿದ ಯಂತ್ರಗಳಿಗೂ ಸರ್ವರ್ ಸಿಗದು, ಅದು ಇರುವುದೇ ಹಾಗೆ.

445ನ್ನು ರೂಟರ್‌ನಲ್ಲಿ ಹೊರಜಗತ್ತಿಗೆ ತೆರೆಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. 2017ರ ಮೇ ತಿಂಗಳ ವಾನಾಕ್ರೈ ಸುಲಿಗೆ ತಂತ್ರಾಂಶ ಹಬ್ಬಿದ್ದು ಇದೇ ಪೋರ್ಟಿನಿಂದ. ಹೊರಗಿನಿಂದ ಬೇಕಾದರೆ ವೈರ್‌ಗಾರ್ಡ್ ಥರದ ವಿಪಿಎನ್ ಹಾಕಿ.

‘ನೆಟ್‌ವರ್ಕ್’ನಲ್ಲಿ ಸರ್ವರ್ ಕಾಣುತ್ತಿಲ್ಲ

ಇದು ಬಹುತೇಕ ದೋಷವೇ ಅಲ್ಲ. ಕಾಣುವುದು ಬೇರೆ, ತೆರೆಯುವುದು ಬೇರೆ. ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ \\192.168.1.10 ಎಂದು ಹಾಕಿ ತೆರೆದರೆ ಸಾಂಬಾ ಆರೋಗ್ಯವಾಗಿದೆ. ಹಿಂದೆ ವಿಂಡೋಸ್ ಪಟ್ಟಿ ತುಂಬಿಸುತ್ತಿದ್ದ ವ್ಯವಸ್ಥೆ ಎಸ್‌ಎಂಬಿ1ರ ಮೇಲೆ ನಿಂತಿತ್ತು. ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ1 ತಾನಾಗಿ ಬರುವುದು ನಿಂತಿತು, ಪಟ್ಟಿಯೂ ಖಾಲಿಯಾಯಿತು. ಈಗಿನ ವಿಂಡೋಸ್ ಹುಡುಕುವುದು ಡಬ್ಲ್ಯೂಎಸ್-ಡಿಸ್ಕವರಿ ಮೂಲಕ, ಅದು ಸಾಂಬಾದೊಳಗೆ ಇಲ್ಲ. ಸರ್ವರ್‌ನಲ್ಲಿ ‘ಡಬ್ಲ್ಯೂಎಸ್‌ಡಿಡಿ’ ಪ್ಯಾಕೇಜ್ ಹಾಕಿ ಯುಡಿಪಿ 3702, ಟಿಸಿಪಿ 5357 ತೆರೆದರೆ ಹೆಸರು ಕಾಣುತ್ತದೆ. ಮ್ಯಾಕ್‌ಗೆ ಸರ್ವರ್ ಹೆಸರನ್ನು ಜಾಲದಲ್ಲಿ ಸಾರುವ ಅವಾಹಿ ಬೇಕು, ಪೋರ್ಟ್ ಯುಡಿಪಿ 5353. ಸರ್ವರ್ ಹೆಸರು 15 ಅಕ್ಷರ ದಾಟದಿರಲಿ, ನೆಟ್‌ಬಯಾಸ್‌ನ ಮಿತಿ ಅದು.

ಪ್ರೋಟೋಕಾಲ್ ಹೊಂದದಿದ್ದರೆ

445 ತೆರೆದಿದೆ, ಆದರೆ ಪಾಸ್‌ವರ್ಡ್ ಕೇಳುವ ಮೊದಲೇ ಸಂಪರ್ಕ ಕಡಿದುಹೋಗುತ್ತದೆ. ಎಸ್‌ಎಂಬಿಕ್ಲೈಂಟ್ ‘ಪ್ರೋಟೋಕಾಲ್ ನೆಗೋಷಿಯೇಷನ್ ಫೇಲ್ಡ್’ ಎನ್ನುತ್ತದೆ. ಲಿನಕ್ಸ್‌ನಲ್ಲಿ ಮೌಂಟ್ ಮಾಡುವಾಗ ‘ಮೌಂಟ್ ಎರರ್ 112, ಹೋಸ್ಟ್ ಈಸ್ ಡೌನ್’ ಬರುತ್ತದೆ, ಯಂತ್ರ ಎದುರಿಗೇ ಉರಿಯುತ್ತಿದ್ದರೂ. ಇಬ್ಬರಲ್ಲಿ ಒಬ್ಬರಿಗೆ ಎಸ್‌ಎಂಬಿ1 ಬಿಟ್ಟು ಬೇರೆ ಮಾತು ಬಾರದು ಎಂದು ಇದರ ಅರ್ಥ. 2019ರ ಸಾಂಬಾ 4.11ರಿಂದ ಕನಿಷ್ಠ ಮಟ್ಟ ಎಸ್‌ಎಂಬಿ2 ಆಗಿದೆ.

ಸಿಕ್ಕಿಬೀಳುವುದು ಹೆಚ್ಚಾಗಿ ಹಳೆಯ ಜೆರಾಕ್ಸ್ ಯಂತ್ರದ ‘ಸ್ಕ್ಯಾನ್ ಟು ಫೋಲ್ಡರ್’. ಅದಕ್ಕೆ ಎಸ್‌ಎಂಬಿ1 ಜೊತೆಗೆ ಎನ್‌ಟಿಎಲ್‌ಎಂವಿ1 (ಪಾಸ್‌ವರ್ಡ್ ಪರಿಶೀಲನೆಯ ಹಳೆಯ ವಿಧಾನ) ಕೂಡ ಬೇಕಿರಬಹುದು. ‘ಸರ್ವರ್ ಮಿನ್ ಪ್ರೋಟೋಕಾಲ್ = ಎನ್‌ಟಿ1’ ಹಾಕಿ ಇಡೀ ಸರ್ವರನ್ನು ಹಿಂದಕ್ಕೆಳೆಯುವ ಬದಲು, ಅದೇ ಯಂತ್ರದ ಮೆನುವಿನಲ್ಲಿ ಎಫ್‌ಟಿಪಿ ಅಥವಾ ಇಮೇಲ್‌ಗೆ ಸ್ಕ್ಯಾನ್ ಇದೆಯೇ ನೋಡಿ. ಸಾಮಾನ್ಯವಾಗಿ ಇರುತ್ತದೆ. ಒಂದು ಸ್ಕ್ಯಾನರ್‌ಗಾಗಿ ಇಪ್ಪತ್ತು ಕಂಪ್ಯೂಟರ್‌ಗಳ ಭದ್ರತೆ ಇಳಿಸುವುದು ಲೆಕ್ಕಕ್ಕೆ ಬಾರದ ವ್ಯಾಪಾರ.

ಗುರುತಿನ ಗೊಂದಲ: ಹೆಚ್ಚಿನ ದೂರುಗಳ ತವರು

ಲಿನಕ್ಸ್ ಬಳಕೆದಾರರಾಗಿದ್ದರೆ ಸಾಂಬಾ ಬಳಕೆದಾರರಾದಂತೆ ಅಲ್ಲ. ವಿಂಡೋಸ್ ಕಳುಹಿಸುವ ಪುರಾವೆಯನ್ನು ಪರಿಶೀಲಿಸಲು ಎನ್‌ಟಿ ಹ್ಯಾಶ್ (ಪಾಸ್‌ವರ್ಡಿನ ವಿಂಡೋಸ್ ಮಾದರಿಯ ಗೂಢರೂಪ) ಬೇಕು. ಲಿನಕ್ಸ್‌ನ ಶ್ಯಾಡೋ ಕಡತದಲ್ಲಿರುವುದು ಬೇರೆ ಬಗೆಯ ಹ್ಯಾಶ್, ಒಂದರಿಂದ ಇನ್ನೊಂದನ್ನು ತೆಗೆಯಲಾಗದು. ಹಾಗಾಗಿ ಸಾಂಬಾ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ. ‘ಪಿಡಿಬಿಎಡಿಟ್ -ಎಲ್’ (ಎಲ್ ದೊಡ್ಡಕ್ಷರ) ಕೊಟ್ಟಾಗ ಲತಾ ಹೆಸರು ಇಲ್ಲದಿದ್ದರೆ ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ -ಎ ಲತಾ’ ಎಂದು ಸೇರಿಸಿ. ಲಿನಕ್ಸ್ ಪಾಸ್‌ವರ್ಡ್ ಬದಲಿಸಿದರೆ ಇಲ್ಲಿನದು ತಾನಾಗಿ ಬದಲಾಗುವುದಿಲ್ಲ. ‘ಪಾಸ್‌ವರ್ಡ್ ಸರಿಯಾಗೇ ಇದೆ’ ಎಂಬ ವಾದದಲ್ಲಿ ಇಬ್ಬರೂ ಸರಿ ಇರುವುದು ಹೀಗೆ.

ಇನ್ನು ದಾರಿ ತಪ್ಪಿಸುವುದರಲ್ಲಿ ಮೊದಲ ಸ್ಥಾನ 1272ನೇ ಸಂಖ್ಯೆಯ ದೋಷಕ್ಕೆ: ನಿಮ್ಮ ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆದಿದೆ ಎಂಬ ಸಂದೇಶ. ಓದಿದವರು ವಿಂಡೋಸ್‌ನ ನೀತಿ ಸಡಿಲಿಸಲು ಹೊರಡುತ್ತಾರೆ. ನಡೆದಿರುವುದು ಇಷ್ಟು: ಉಬುಂಟುವಿನ ಸಿದ್ಧ ಎಸ್‌ಎಂಬಿ.ಕಾನ್ಫ್‌ನಲ್ಲಿ ‘ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್’ ಎಂಬ ಸಾಲಿದೆ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಸಾಂಬಾ ನಿರಾಕರಿಸುವುದಿಲ್ಲ, ಸದ್ದಿಲ್ಲದೆ ಅತಿಥಿಯಾಗಿ ಒಳಗೆ ಬಿಡುತ್ತದೆ. ವಿಂಡೋಸ್ ‘ಅತಿಥಿಯಾಗಿ ನಾನು ಬರುವುದಿಲ್ಲ’ ಎಂದು ಹಿಂದಕ್ಕೆ ಸರಿಯುತ್ತದೆ. 2024ರ ವಿಂಡೋಸ್ 11 24ಎಚ್2ರಲ್ಲಿ ಪ್ರೊ ಆವೃತ್ತಿಗೂ ಈ ನಿಯಮ ಬಂತು. ಜೊತೆಗೆ ಸಹಿ (ಸಂದೇಶ ಅಸಲಿ ಎಂದು ತೋರಿಸುವ ಗುರುತು) ಇಲ್ಲದ ಸಂಪರ್ಕವನ್ನೂ ಅದು ಒಪ್ಪುವುದಿಲ್ಲ, ಅತಿಥಿಗೆ ಸಹಿ ಹಾಕುವ ಕೀಲಿಯೇ ಇರುವುದಿಲ್ಲ. ಅಂದರೆ ನಿಜ ದೋಷ ನೀತಿಯಲ್ಲಿಲ್ಲ, ಹೆಸರಿನಲ್ಲಿದೆ.

ಹೆಸರು ತಪ್ಪುವುದು ಹೇಗೆ? ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಯಂತ್ರ ಇಮೇಲ್ ವಿಳಾಸವನ್ನೇ ಬಳಕೆದಾರ ಹೆಸರಾಗಿ ಕಳುಹಿಸಬಹುದು, ಸಾಂಬಾಕ್ಕೆ ಅದು ಅಪರಿಚಿತ. ಹೆಸರಿನ ಹಿಂದೆ ಸರ್ವರ್ ಹೆಸರು ಸೇರಿಸಿ, ಸರ್ವರ್\ಲತಾ ಎಂದು ಕೊಡಿ. ‘ಮ್ಯಾಪ್ ಟು ಗೆಸ್ಟ್ = ನೆವರ್’ ಮಾಡಿದರೆ ಸಂದೇಶವಾದರೂ ಪ್ರಾಮಾಣಿಕವಾಗುತ್ತದೆ. ಅತಿಥಿ ಹಂಚಿಕೆ ನಿಜವಾಗಿ ಬೇಕಿಲ್ಲದ ಕಡೆ ಇದನ್ನೇ ಇಡಿ.

ಅನುಮಾನವಿದ್ದರೆ ಊಹಿಸಬೇಡಿ. ಎಸ್‌ಎಂಬಿ.ಕಾನ್ಫ್‌ನ ಗ್ಲೋಬಲ್ ಭಾಗದಲ್ಲಿ ‘ಲಾಗ್ ಲೆವೆಲ್ = 1 ಆಥ್_ಆಡಿಟ್:3’ ಹಾಕಿ ‘ಎಸ್‌ಎಂಬಿಕಂಟ್ರೋಲ್ ಆಲ್ ರೀಲೋಡ್-ಕಾನ್ಫಿಗ್’ ಕೊಡಿ. ಮತ್ತೆ ಪ್ರಯತ್ನಿಸಿದಾಗ ಲಾಗ್ ಕಡತದಲ್ಲಿ ಬಂದ ಹೆಸರು, ಯಂತ್ರದ ವಿಳಾಸ, ಫಲಿತಾಂಶ ಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ. ‘ನೋ ಸಚ್ ಯೂಸರ್’ ಎಂದರೆ ಹೆಸರು ತಪ್ಪು, ‘ರಾಂಗ್ ಪಾಸ್‌ವರ್ಡ್’ ಎಂದರೆ ಪಾಸ್‌ವರ್ಡ್ ತಪ್ಪು. ಬಳಕೆದಾರರ ಯಂತ್ರ ಎರಡಕ್ಕೂ ‘ಲಾಗಾನ್ ಫೇಲ್ಯೂರ್’ ಎಂದಷ್ಟೇ ಹೇಳುತ್ತದೆ.

1219ನೇ ಸಂಖ್ಯೆಯ ದೋಷ ಬಂದರೆ ಸರ್ವರ್‌ನ ತಪ್ಪಿಲ್ಲ. ವಿಂಡೋಸ್ ಒಂದು ಸರ್ವರ್‌ಗೆ ಒಂದು ಹೊತ್ತಿಗೆ ಒಂದೇ ಹೆಸರಿನಲ್ಲಿ ಸಂಪರ್ಕಿಸುತ್ತದೆ. ‘ನೆಟ್ ಯೂಸ್ * /ಡಿಲೀಟ್’ ಮಾಡಿ, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದ ಹಳೆಯ ಪಾಸ್‌ವರ್ಡ್ ಅಳಿಸಿ. ತುರ್ತಿಗೆ ಒಂದು ಉಪಾಯ: ಹೆಸರಿನ ಬದಲು ಐಪಿ ವಿಳಾಸ ಬಳಸಿದರೆ ವಿಂಡೋಸ್ ಅದನ್ನು ಬೇರೆಯೇ ಸರ್ವರ್ ಎಂದುಕೊಳ್ಳುತ್ತದೆ.

ಒಳಗೆ ಬಂದರೂ ಬರೆಯಲಾಗದಿದ್ದರೆ

‘ಟೆಸ್ಟ್‌ಪಾರ್ಮ್ -ಎಸ್’ ಕೊಟ್ಟು ಸಾಂಬಾ ಸಂರಚನೆಯನ್ನು ಹೇಗೆ ಓದಿಕೊಂಡಿದೆ ನೋಡಿ. ಹಂಚಿಕೆಗಳು ಹುಟ್ಟಾ ಓದಲು ಮಾತ್ರ, ‘ರೀಡ್ ಓನ್ಲಿ = ನೋ’ ಎಂದು ಬರೆಯದಿದ್ದರೆ ಬರೆಯಲು ಬಿಡದು. ಎಸ್‌ಎಂಬಿ.ಕಾನ್ಫ್‌ನಲ್ಲಿ ಟಿಪ್ಪಣಿ ಸಾಲಿನ ಆರಂಭದಲ್ಲಿ ಮಾತ್ರ ಬರಬಹುದು. ‘ರೀಡ್ ಓನ್ಲಿ = ನೋ’ ಆದ ಮೇಲೆ ಅದೇ ಸಾಲಿನಲ್ಲಿ ಟಿಪ್ಪಣಿ ಗೀಚಿದರೆ ಅದೂ ಬೆಲೆಯ ಭಾಗವಾಗಿ ಸಾಲು ಕೆಡುತ್ತದೆ.

ನಂತರ ಕಡತ ವ್ಯವಸ್ಥೆ. ಸಾಂಬಾ ಅನುಮತಿ ಕೊಟ್ಟರೂ ಲಿನಕ್ಸ್ ಅನುಮತಿ ಬೇಕು, ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ‘ನೇಮ್‌ಐ -ಎಲ್ /ಎಸ್‌ಆರ್‌ವಿ/ಲೆಕ್ಕ’ ಎಂದರೆ ದಾರಿಯ ಪ್ರತಿ ಮೆಟ್ಟಿಲಿನ ಅನುಮತಿ ಕಾಣುತ್ತದೆ. ನಡುವಿನ ಯಾವುದಾದರೂ ಡೈರೆಕ್ಟರಿಗೆ ದಾಟುವ ‘ಎಕ್ಸ್’ ಬಿಟ್ ಇಲ್ಲದಿದ್ದರೆ ಕೊನೆಯದಕ್ಕೆ 777 ಕೊಟ್ಟರೂ ಪ್ರಯೋಜನವಿಲ್ಲ. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳು 750 ಆಗಿ ಹುಟ್ಟುತ್ತವೆ. ಹೋಮ್‌ನೊಳಗಿನ ಫೋಲ್ಡರ್ ಹಂಚಿದವರು ಅಪ್‌ಗ್ರೇಡ್ ನಂತರ ಹೊಸ ಬಳಕೆದಾರರಿಗೆ ಎಡವುವುದು ಇಲ್ಲೇ. ಹಂಚುವುದನ್ನು /ಎಸ್‌ಆರ್‌ವಿ ಅಡಿಯಲ್ಲಿಡಿ.

ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬರು ತಿದ್ದಲಾಗದಿದ್ದರೆ ಕಾರಣ ‘ಕ್ರಿಯೇಟ್ ಮಾಸ್ಕ್’, ಹುಟ್ಟಾ ಬೆಲೆ 0744. ಗುಂಪಿಗೆ ಓದು ಮಾತ್ರ. ಫೋಲ್ಡರಿಗೆ ಗುಂಪು ಹಚ್ಚಿ ಅನುಮತಿ 2770 ಮಾಡಿ, ಹಂಚಿಕೆಯಲ್ಲಿ ‘ಫೋರ್ಸ್ ಕ್ರಿಯೇಟ್ ಮೋಡ್ = 0660’, ‘ಫೋರ್ಸ್ ಡೈರೆಕ್ಟರಿ ಮೋಡ್ = 2770’ ಇಡಿ. ಹಳೆಯ ಫೈಲುಗಳನ್ನು ಒಮ್ಮೆ ಕೈಯಾರೆ ಸರಿಪಡಿಸಬೇಕು. ಗುಂಪಿಗೆ ಈಗಷ್ಟೇ ಸೇರಿಸಿದವರಿಗೆ ಇನ್ನೂ ತೆರೆಯದಿದ್ದರೆ ಗಾಬರಿ ಬೇಡ: ನಡೆಯುತ್ತಿರುವ ಸಂಪರ್ಕ ಹಳೆಯ ಗುಂಪುಪಟ್ಟಿಯನ್ನೇ ಹಿಡಿದಿರುತ್ತದೆ, ಕಡಿದು ಮತ್ತೆ ಸೇರಬೇಕು.

ಫೆಡೋರಾ ಬಳಗದಲ್ಲಿ ಎಲ್ಲವೂ ಸರಿಯಿದ್ದೂ ‘ಆಕ್ಸೆಸ್ ಡಿನೈಡ್’ ಎಂದರೆ ಕಾರಣ ಎಸ್‌ಇಲಿನಕ್ಸ್, ಫೈಲಿನ ಲೇಬಲ್ ನೋಡಿ ಪ್ರವೇಶ ತಡೆಯುವ ಭದ್ರತಾ ವ್ಯವಸ್ಥೆ. ‘ಎಯುಸರ್ಚ್ -ಎಂ ಎವಿಸಿ’ ಅದನ್ನು ತೋರಿಸುತ್ತದೆ. ‘ಎಂವಿ’ಯಿಂದ ಹೋಮ್‌ನಿಂದ ಸರಿಸಿದ ಫೈಲು ಹಳೆಯ ಲೇಬಲನ್ನು ಹೊತ್ತೇ ಬರುತ್ತದೆ, ‘ಸಿಪಿ’ಯಿಂದ ನಕಲಿಸಿದ್ದು ಹೊಸ ಜಾಗದ ಲೇಬಲ್ ಪಡೆಯುತ್ತದೆ. ಒಂದೇ ಫೋಲ್ಡರಿನಲ್ಲಿ ಕೆಲವು ಫೈಲು ತೆರೆದು ಕೆಲವು ತೆರೆಯದ ವಿಚಿತ್ರದ ಮೂಲ ಇದು. ‘ಎಸ್‌ಇಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ನಿಂದ ‘ಸಾಂಬಾ_ಶೇರ್_ಟಿ’ ಲೇಬಲ್ ದಾಖಲಿಸಿ ‘ರಿಸ್ಟೋರ್‌ಕಾನ್ -ಆರ್‌ವಿ’ (ಆರ್ ದೊಡ್ಡಕ್ಷರ) ಓಡಿಸಿ. ಎಸ್‌ಇಲಿನಕ್ಸ್ ಆರಿಸಿಬಿಡುವುದು ಪರಿಹಾರವಲ್ಲ.

ಪ್ರಿಂಟರ್

ಮುದ್ರಣದ ದಾರಿ ಉದ್ದ: ವಿಂಡೋಸ್, ಸಾಂಬಾ, ಸಾಂಬಾದ ಸ್ಪೂಲ್ ಡೈರೆಕ್ಟರಿ, ಕಪ್ಸ್ (ಲಿನಕ್ಸ್‌ನ ಮುದ್ರಣ ವ್ಯವಸ್ಥೆ), ಅದರ ಫಿಲ್ಟರ್, ಕೊನೆಗೆ ಪ್ರಿಂಟರ್. ಹಿಂದಿನಿಂದ ಮುಂದಕ್ಕೆ ಪರೀಕ್ಷಿಸಿ. ಸರ್ವರ್‌ನಲ್ಲೇ ‘ಎಲ್‌ಪಿ -ಡಿ ಪ್ರಿಂಟರ್‌ಹೆಸರು ಕಡತ’ ಕೊಟ್ಟು ಕಾಗದ ಬಾರದಿದ್ದರೆ ಸಾಂಬಾ ಮುಟ್ಟಬೇಡಿ.

‘ಎಲ್‌ಪಿಸ್ಟಾಟ್ -ಪಿ’ ಪ್ರಿಂಟರ್ ‘ಡಿಸೇಬಲ್ಡ್’ ಎಂದರೆ, ಯಾರೋ ಪ್ರಿಂಟರ್ ಆಫ್ ಮಾಡಿದಾಗ ಬಂದ ಕೆಲಸ ವಿಫಲವಾಗಿ ಕಪ್ಸ್ ಸರದಿಯನ್ನೇ ನಿಲ್ಲಿಸಿದೆ. ಪ್ರಿಂಟರ್ ಆನ್ ಮಾಡಿದರೂ ಸರದಿ ತಾನಾಗಿ ಏಳದು. ‘ಕಪ್ಸ್‌ಎನೇಬಲ್ ಪ್ರಿಂಟರ್‌ಹೆಸರು’ ಇವತ್ತಿನ ಮದ್ದು. ‘ಎಲ್‌ಪಿಅಡ್ಮಿನ್ -ಪಿ ಪ್ರಿಂಟರ್‌ಹೆಸರು -ಒ ಪ್ರಿಂಟರ್-ಎರರ್-ಪಾಲಿಸಿ=ರಿಟ್ರೈ-ಜಾಬ್’ ಎಂದಿಟ್ಟರೆ ಪ್ರತಿ ಬೆಳಿಗ್ಗೆ ಅದನ್ನೇ ಮಾಡುವ ಕೆಲಸ ತಪ್ಪುತ್ತದೆ.

ಒಂದು ಪುಟದ ಬದಲು ಅರ್ಥವಿಲ್ಲದ ಅಕ್ಷರಗಳ ನೂರು ಪುಟ, ತಲೆಯಲ್ಲಿ ‘@ಪಿಜೆಎಲ್’ ಎಂದು ಬಂದರೆ ವಿಂಡೋಸ್ ಡ್ರೈವರ್ ಆಗಲೇ ಪ್ರಿಂಟರ್ ಭಾಷೆಗೆ ತಿರುಗಿಸಿದ್ದನ್ನು ಕಪ್ಸ್ ಮತ್ತೆ ತಿರುಗಿಸಿದೆ. ಎರಡರಲ್ಲಿ ಒಂದು ದಾರಿ ಹಿಡಿಯಿರಿ: ವಿಂಡೋಸ್‌ನಲ್ಲಿ ತಯಾರಕರ ಡ್ರೈವರ್, ಸಾಂಬಾದಲ್ಲಿ ‘ಕಪ್ಸ್ ಆಪ್ಷನ್ಸ್ = ರಾ’; ಇಲ್ಲವೇ ವಿಂಡೋಸ್‌ನಲ್ಲಿ ಸಾಮಾನ್ಯ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್, ಉಳಿದದ್ದು ಕಪ್ಸ್‌ಗೆ.

ಹೊಸ ಪ್ರಿಂಟರ್ ಸಾಂಬಾದಲ್ಲಿ ತಕ್ಷಣ ಕಾಣುವುದಿಲ್ಲ, ಪಟ್ಟಿ ನವೀಕರಿಸಲು ಹುಟ್ಟಾ 750 ಸೆಕೆಂಡ್. ಕೆಲಸ ಸಾಂಬಾದಲ್ಲೇ ಮಾಯವಾದರೆ ಸ್ಪೂಲ್ ಡೈರೆಕ್ಟರಿಯ ಅನುಮತಿ 1777 ಇದೆಯೇ ನೋಡಿ. ವಿಂಡೋಸ್ 11 22ಎಚ್2ರಿಂದ ಮುದ್ರಣದ ಮಾತುಕತೆ ನೇಮ್ಡ್ ಪೈಪ್ ಬಿಟ್ಟು ಟಿಸಿಪಿ ಹಿಡಿದಿದೆ. ಹಳೆಯ ಸಾಂಬಾ ಪ್ರಿಂಟರ್ ಆಗ ಜೋಡಣೆಯಾಗದಿದ್ದರೆ ಗ್ರೂಪ್ ಪಾಲಿಸಿಯ ಪ್ರಿಂಟರ್ಸ್ ವಿಭಾಗದಲ್ಲಿ ಆರ್‌ಪಿಸಿ ಸಂಪರ್ಕವನ್ನು ನೇಮ್ಡ್ ಪೈಪ್‌ಗೆ ಬದಲಿಸಬಹುದು. 2021ರ ಪ್ರಿಂಟ್‌ನೈಟ್‌ಮೇರ್ ಭದ್ರತಾ ದೋಷದ ನಂತರ ಸರ್ವರ್‌ನಿಂದ ಡ್ರೈವರ್ ಇಳಿಸಿಕೊಳ್ಳಲು ಅಡ್ಮಿನಿಸ್ಟ್ರೇಟರ್ ಹಕ್ಕೂ ಬೇಕು.

ಇಷ್ಟೆಲ್ಲ ಪಾಡು ಏಕೆ ಎನ್ನುವವರಿಗೆ: ಮುದ್ರಣಕ್ಕೆ ಸಾಂಬಾ ಬಿಡಿ, ಐಪಿಪಿ (ಜಾಲದಲ್ಲಿ ಮುದ್ರಿಸುವ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್) ಹಿಡಿಯಿರಿ. ‘ಕಪ್ಸ್‌ಸಿಟಿಎಲ್ --ಶೇರ್-ಪ್ರಿಂಟರ್ಸ್’ ಕೊಟ್ಟು 631 ತೆರೆಯಿರಿ. ವಿಂಡೋಸ್‌ನಲ್ಲಿ ಇಂಟರ್ನೆಟ್ ಪ್ರಿಂಟಿಂಗ್ ಕ್ಲೈಂಟ್ ಸೌಲಭ್ಯ ಆನ್ ಮಾಡಿ, ಪ್ರಿಂಟರನ್ನು ಎಚ್‌ಟಿಟಿಪಿ://192.168.1.10:631/ಪ್ರಿಂಟರ್ಸ್/ಪ್ರಿಂಟರ್‌ಹೆಸರು ಎಂಬ ವಿಳಾಸದಿಂದ ಸೇರಿಸಿ. ಮ್ಯಾಕ್, ಲಿನಕ್ಸ್‌ಗಳಿಗೆ ಡ್ರೈವರ್ ಚಿಂತೆಯೂ ಬಹುಪಾಲು ಇಲ್ಲ. ಐಪಿಯಿಂದ ತೆರೆದು ಹೆಸರಿನಿಂದ ‘ಬ್ಯಾಡ್ ರಿಕ್ವೆಸ್ಟ್’ ಬಂದರೆ ಕಪ್ಸ್ ಆ ಹೆಸರನ್ನು ತನ್ನದೆಂದು ಒಪ್ಪಿಲ್ಲ, ಕಪ್ಸ್‌ಡಿ.ಕಾನ್ಫ್‌ನಲ್ಲಿ ‘ಸರ್ವರ್‌ಅಲಿಯಾಸ್’ ಸಾಲಿಗೆ ಅದನ್ನು ಸೇರಿಸಿ.

ಮ್ಯಾಕ್ ಮತ್ತು ಕನ್ನಡದ ಫೈಲ್ ಹೆಸರು

ಮ್ಯಾಕ್‌ಗಳಿದ್ದರೆ ‘ವಿಎಫ್‌ಎಸ್ ಆಬ್ಜೆಕ್ಟ್ಸ್ = ಕ್ಯಾಟಿಯಾ ಫ್ರೂಟ್ ಸ್ಟ್ರೀಮ್ಸ್_ಎಕ್ಸ್‌ಆಟ್ರ್’ ಸಾಲನ್ನು ಇದೇ ಕ್ರಮದಲ್ಲಿ, ಗ್ಲೋಬಲ್ ಭಾಗದಲ್ಲಿ ಇಡಿ. ಒಂದು ಹಂಚಿಕೆಗೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ, ಮ್ಯಾಕ್ ಮೊದಲು ಯಾವುದನ್ನು ತೆರೆಯಿತು ಎಂಬುದರ ಮೇಲೆ ನಡವಳಿಕೆ ಬದಲಾಗುತ್ತದೆ. ಒಂದು ದಿನ ಸರಿ, ಇನ್ನೊಂದು ದಿನ ಇಲ್ಲ ಎಂಬ ದೂರು ಬರುವುದು ಆಗ.

ಕನ್ನಡದಲ್ಲಿ ಹೆಸರಿಟ್ಟ ಫೈಲು ವಿಂಡೋಸ್‌ನಲ್ಲಿ ಉಳಿದು ಸರ್ವರ್‌ಗೆ ನಕಲಾಗದಿದ್ದರೆ ಉದ್ದ ಎಣಿಸಿ. ವಿಂಡೋಸ್‌ನ ಮಿತಿ 255 ಯುಟಿಎಫ್-16 ಘಟಕ, ಲಿನಕ್ಸ್‌ನ ಕಡತ ವ್ಯವಸ್ಥೆ ಎಕ್ಸ್‌ಟಿ4ರದ್ದು 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್, ಒತ್ತಕ್ಷರದ ವಿರಾಮವೂ ಸ್ವರಚಿಹ್ನೆಯೂ ಬೇರೆ ಬೇರೆ ಸಂಕೇತಗಳು. ‘ಗ್ರಾಮ’ ಎಂಬ ಎರಡಕ್ಷರಕ್ಕೆ 5 ಸಂಕೇತ, 15 ಬೈಟ್. ಒಟ್ಟು 85 ಸಂಕೇತಕ್ಕೆ ಮಿತಿ ಮುಗಿಯಿತು. ಸುತ್ತೋಲೆಯ ವಿಷಯವನ್ನೇ ಫೈಲ್ ಹೆಸರಾಗಿಸುವ ಅಭ್ಯಾಸವಿರುವ ಕಡೆ ಇದು ಬೇಗ ತಾಗುತ್ತದೆ. ಇಕ್ರಿಪ್ಟ್‌ಎಫ್‌ಎಸ್‌ನಿಂದ ಗೂಢಲಿಪಿ ಮಾಡಿದ ಡೈರೆಕ್ಟರಿಯಲ್ಲಿ ಮಿತಿ 143 ಬೈಟ್ ಮಾತ್ರ. ಸಾಂಬಾದ ಯಾವ ಸಾಲೂ ಇದನ್ನು ಹಿಗ್ಗಿಸದು, ಹೆಸರು ಕುಗ್ಗಿಸಬೇಕು.

ಒಂದೇ ಹೆಸರಿನ ಎರಡು ಫೈಲು ಒಂದೇ ಫೋಲ್ಡರಿನಲ್ಲಿ ಕಂಡರೆ ಕಣ್ಣಿಗೆ ಒಂದೇ, ಬೈಟ್‌ನಲ್ಲಿ ಬೇರೆ. ಹಳೆಯ ಮ್ಯಾಕ್ ಡಿಸ್ಕ್ ಮಾದರಿ ಹೆಸರನ್ನು ಬಿಡಿಸಿ ಇಡುತ್ತದೆ: ‘ಕೊ’ದ ಸ್ವರಚಿಹ್ನೆ ಒಂದು ಸಂಕೇತದ ಬದಲು ಎರಡಾಗುತ್ತದೆ, ‘ಕೋ’ದ್ದು ಮೂರು. ಅಂಥ ಡಿಸ್ಕಿನಿಂದ ಆರ್‌ಸಿಂಕ್ ಮಾಡಿದ ಹೆಸರುಗಳು ಹಾಗೇ ಬಂದು ಕೂರುತ್ತವೆ, ವಿಂಡೋಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ‘ಕಾನ್ವ್‌ಎಂವಿ -ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ -ಆರ್’ ಎಂದು ಡೈರೆಕ್ಟರಿ ಕೊಟ್ಟರೆ ಏನು ಬದಲಾಗುತ್ತದೆ ಎಂದು ತೋರಿಸುತ್ತದೆ. ಒಪ್ಪಿಗೆಯಾದರೆ ‘--ನೋಟೆಸ್ಟ್’ ಸೇರಿಸಿ ಮತ್ತೆ ಓಡಿಸಿ.

ಕಾನ್ವ್‌ಎಂವಿ ನಂತರವೂ ಜೋಡಿ ಉಳಿದರೆ ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಕಾರಣ. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರು ಹಾಕದೆ ಟೈಪಿಸಿರುತ್ತಾರೆ. ‘ಎಲ್‌ಎಸ್ | ಎಕ್ಸ್‌ಎಕ್ಸ್‌ಡಿ’ ಕೊಟ್ಟಾಗ ಇ2 80 8ಸಿ ಎಂಬ ಮೂರು ಬೈಟ್ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇರುವುದಿಲ್ಲ. ಇದಕ್ಕೆ ಕೈಯಾರೆ ಹೆಸರು ಬದಲಿಸುವುದೇ ದಾರಿ. ಇನ್ನು ಹೆಸರು ಪೂರ್ತಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ, ಅದು ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪಿಸಿದ್ದು. ಸಾಂಬಾದ ‘ಯುನಿಕ್ಸ್ ಚಾರ್‌ಸೆಟ್’ ಮುಟ್ಟಬೇಡಿ, ಅದು ಯುಟಿಎಫ್-8 ಆಗಿಯೇ ಇರಲಿ. ಹೆಸರನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿ ಮರುಹೆಸರಿಡಿ.